ನಡಾವಳಿಯಲ್ಲಿ ಇಲ್ಲದ್ದು

ಸಭೆ ಮೂರಕ್ಕೆ ಎಂದಿತ್ತು. ಶುರುವಾದದ್ದು ನಾಲ್ಕಕ್ಕೆ.
ಇದನ್ನು ಬರೆದಿದ್ದೇನೆ.
ಹಾಜರಿ ಏಳರಲ್ಲಿ ಆರು; ಕೋರಂ ಇದೆ.
ಒಬಿಯೆರೊ ಬರಲಿಲ್ಲ, ಬಲೆ ಹರಿದಿತ್ತಂತೆ.
ಅದನ್ನು ಬರೆಯಲಿಲ್ಲ. ‘ಅನುಮತಿ ಪಡೆದು ಗೈರು’ ಎಂದೆ.

ಎಂಬಿಟಾದ ಈ ಕೋಣೆ ಮೊದಲು ಮೀನಿನ ಗೋದಾಮು.
ತಗಡಿನ ಮಾಡು ಕಾದರೆ ಹಳೆಯ ಒಮೆನಾ ವಾಸನೆ
ಗೋಡೆಯಿಂದ ಇಳಿದು ನಮ್ಮ ನಡುವೆ ಕೂರುತ್ತದೆ,
ಮತವಿಲ್ಲದ ಎಂಟನೆಯ ಸದಸ್ಯನ ಹಾಗೆ.

ನನ್ನನ್ನು ಸೇರಿಸಿಕೊಂಡದ್ದು ಕೈಬರಹ ಚೆನ್ನಾಗಿದೆಯೆಂದು,
ಪಾದ್ರಿ ಜೆಕೊನಿಯಾನನ್ನು ಪ್ರಾರ್ಥನೆಗೆ,
ರಸಂಗನನ್ನು, ಬ್ಯಾಂಕಿನಲ್ಲಿ ಅವನಿಗೆ ಪರಿಚಯವಿದೆಯೆಂದು.
ಹನ್ನೆರಡು ವರ್ಷ ಇಲ್ಲಿ ನಡೆದದ್ದು ಒಂದೇ ಕೆಲಸ:
ಪೆರೆಜ್ ಅಪೊಂಡಿ ಹೇಳುವುದು, ನಾವು ಹೂಂ ಅನ್ನುವುದು.
ಕೋಲೆ ಬಸವನ ಕೊರಳಿಗಾದರೂ ಗಂಟೆ ಇರುತ್ತದೆ;
ನಮ್ಮದು ಸದ್ದೂ ಇಲ್ಲದ ತಲೆ.
ಚಹಾ ಬರುತ್ತಿತ್ತು, ಮಂಡಾಜಿ ಬರುತ್ತಿತ್ತು,
ಸಹಿಯ ಜಾಗಕ್ಕೆ ಅವಳೇ ಪೆನ್ಸಿಲಿನಲ್ಲಿ
ಗುರುತು ಹಾಕಿಡುತ್ತಿದ್ದಳು.

ತಪ್ಪು ತಿಳಿಯಬೇಡಿ. ದೋಣಿ ಅವಳು ತಂದದ್ದೇ.
ತಂಗಿ ರುಸಿಂಗಾದ ಆಚೆ, ನಡುನೀರಿನಲ್ಲಿ,
ಹುಟ್ಟು ಹಾಕುವವನ ಕಾಲ ಬಳಿ ಹೆರಲಾರದೆ ಸತ್ತ ವಾರವೇ
ಎರಡು ಹಸು ಮಾರಿ ಮೊದಲ ಎಂಜಿನ್ ತಂದಳು.
ನ್ಯಾರ್ ನಾಮ್ ಎಂದು ಹೆಸರಿಟ್ಟಳು, ಸರೋವರದ ಮಗಳು.
ಎಷ್ಟು ಬಸುರಿಯರು, ಹಾವು ಕಡಿದವರು ಎಷ್ಟು,
ಈ ದಡ ಕಂಡರೋ ಆ ಲೆಕ್ಕ ನನ್ನ ಬಳಿ ಇದೆ.
ಇಲ್ಲದ್ದು ಪೆಟ್ರೋಲಿನ ಲೆಕ್ಕ.

ಹೊಸಬಳು ಕೇಳಿದಳು. ಲೆನ್ಸರ್ ಅವುವೊರ್.
ಮೊದಲ ಸಭೆ, ಸಹಿಯ ಮಸಿ ಇನ್ನೂ ಆರಿಲ್ಲ;
ತಮ್ಮ ಹುಟ್ಟಿದ್ದು ಇದೇ ದೋಣಿಯಲ್ಲಿ.
“ಪೇಟೆಯ ಬಂಕಿಗಿಂತ ಲೀಟರಿಗೆ ಹದಿನೆಂಟು ಶಿಲಿಂಗ್ ಹೆಚ್ಚು
ಯಾಕೆ ಕೊಡುತ್ತಿದ್ದೇವೆ? ಮಾರುವವರು ಯಾರು?”

ಮಾರುವವನು ಅಪೊಂಡಿಯ ಅಣ್ಣನ ಮಗ.
ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು
ಮೇಜಿನ ಮೇಲೆ ಇಟ್ಟಾಗಲೇ ಅದಕ್ಕೆ ತೂಕ.
ಖಜಾಂಚಿ ರಸಂಗ ಕನ್ನಡಕ ಒರೆಸಿದ, ಮತ್ತೆ ಒರೆಸಿದ.
ನರ್ಸ್ ಕೊನ್ಸೊಲಾಟಾ ಕಿಟಕಿಯಾಚೆ ತೇಲುವ
ಅಂತರಗಂಗೆಯನ್ನು ಎಣಿಸಿದಳು.
ನಾನು ಪೆನ್ನಿನ ಮುಚ್ಚಳ ತೆಗೆದು ಕೂತೆ.
ನಡಾವಳಿ ಪುಸ್ತಕದಲ್ಲಿ ಮೌನಕ್ಕೆ ಕಾಲಂ ಇಲ್ಲ.

ಒಂಬತ್ತನೆಯ ನಿಯಮ ಓದಿದವಳು ಅಪೊಂಡಿಯೇ.
ತಾನೇ ಬರೆಸಿದ, ಯಾರೂ ಓದದ ನಿಯಮ:
ತನ್ನವರ ವಿಷಯ ಬಂದಾಗ ಸದಸ್ಯರು ಹೊರಗಿರತಕ್ಕದ್ದು.
ಎದ್ದಳು. ಊರುಗೋಲು ಕುರ್ಚಿಗೇ ಬಿಟ್ಟು
ಮೀನು ಒಣಗಿಸುವ ಬಲೆಯ ಬಳಿ
ಮಗುಚಿ ಹಾಕಿದ ಕ್ರೇಟಿನ ಮೇಲೆ ಕೂತಳು.
ಪಕ್ಕದಲ್ಲೊಂದು ಕೊಕ್ಕರೆ. ಇಬ್ಬರ ಬೆನ್ನೂ ನಮ್ಮ ಕಡೆ.

ಒಳಗೆ ಐವರು. ಕೈ ಎತ್ತುವುದು ಇಷ್ಟು ಭಾರವೆಂದು
ಹೂಂ ಅನ್ನುವಾಗ ಗೊತ್ತಿರಲಿಲ್ಲ.
ಪರ ನಾಲ್ಕು, ತಟಸ್ಥ ಒಂದು.
ಆ ತಟಸ್ಥ ನಾನು. ಇದನ್ನೂ ಬರೆದಿದ್ದೇನೆ.
ಇನ್ನು ಮೂರು ಕಡೆ ದರ ಕೇಳಿಯೇ ಕೊಳ್ಳತಕ್ಕದ್ದು.

ಒಳಗೆ ಬಂದವಳು ಏನೂ ಕೇಳಲಿಲ್ಲ.
ಆರಿದ ಚಹಾದ ಕೆನೆ ಬೆರಳಲ್ಲಿ ತೆಗೆದು
“ಮುಂದಿನ ವಿಷಯ ಓದು” ಅಂದಳು.
ಮುಂದಿನ ವಿಷಯ: ಅಧ್ಯಕ್ಷರ ಅವಧಿ.
ಎಷ್ಟು ಸಭೆಗಳಿಂದ ಮುಂದೂಡುತ್ತ ಬಂದದ್ದೋ.
ಸೊಂಟದ ಗಂಟಿನಿಂದ ಬೀಗದ ಕೈ ಬಿಚ್ಚಿ
ಮೇಜಿನ ನಡುವೆ ಇಟ್ಟಳು, ಯಾರ ಮುಂದೆಯೂ ಅಲ್ಲ.

ಮಳೆಗಾಲಕ್ಕೆ ಮುಂಚಿನ ಒಂದು ರಾತ್ರಿ, ಎರಡು ಗಂಟೆ,
ತಕವಿರಿಯಿಂದ ಕರೆ ಬಂತಂತೆ. ಅಲೆ ಎದ್ದಿತ್ತು.
ಹೋಗಬೇಕೇ ಬೇಡವೇ ಎಂದು ಹುಡುಗರು
ಯಾರ ಮನೆಯ ಬಾಗಿಲನ್ನೂ ಬಡಿಯಲಿಲ್ಲ.
ಗೋಡೆಗೆ ಅಂಟಿಸಿದ ಹಾಳೆ ಓದಿದರು, ಹೊರಟರು.
ಅಪೊಂಡಿ ಇದನ್ನು ಹೇಳಿದ್ದು ವಾರದ ನಂತರ, ಸಂತೆಯಲ್ಲಿ,
ಟೊಮೆಟೊ ಆರಿಸುತ್ತ, ನನ್ನ ಮುಖ ನೋಡದೆ:
ಎಂಜಿನ್ ಸದ್ದಿಗೆ ಎದ್ದು ಕೂತೆ. ಕತ್ತಲಲ್ಲಿ ಚಪ್ಪಲಿ ಹುಡುಕಿದೆ.
ಆಮೇಲೆ ಹುಡುಕುವುದು ಬಿಟ್ಟೆ.